ಹಾಲು ಸೋರುವ ಹುಳು ಕಂಡಾಗ

ಪ್ರಶ್ನೆ: ಅಕ್ಕಾ, ರೇಷ್ಮೆಹುಳು ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದು ಐದು ದಿನ ಆಯ್ತು. ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದವು. ನಿನ್ನೆಯಿಂದ ಕೆಲವು ಮಿರಮಿರ ಹೊಳೆಯುತ್ತಿವೆ, ಮೈಯ ಗೆಣ್ಣುಗಳು ಊದಿವೆ. ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲೇ ಸುತ್ತುತ್ತವೆ. ಮುಟ್ಟಿದರೆ ಹಾಲಿನಂಥ ನೀರು ಬರುತ್ತದೆ. ಸೊಪ್ಪು ಸರಿ ಇಲ್ಲವೇ? ಯಾವ ಔಷಧಿ ಹಾಕಲಿ?

ಉತ್ತರ: ಗೂಡು ಕಟ್ಟಲು ಎರಡು ಮೂರು ದಿನ ಇರುವಾಗ ಹೀಗಾದರೆ ಹೊಟ್ಟೆಯಲ್ಲಿ ಎಷ್ಟು ಸಂಕಟ ಆಗುತ್ತದೆ ಅಂತ ನನಗೆ ಗೊತ್ತು. ಇದು ಹಾಲುತೊಂಡೆ ರೋಗ. ವೈರಸ್ಸಿನಿಂದ ಬರುತ್ತದೆ. ರೋಗ ಹಿಡಿದ ಹುಳುವನ್ನು ಉಳಿಸುವ ಔಷಧಿ ಇಲ್ಲ. ಸುಮ್ನೆ ಸೊಪ್ಪಿಗೆ ಏನೇನೋ ಸಿಂಪಡಿಸಬೇಡಿ. ಚೆನ್ನಾಗಿರುವ ಹುಳುಗಳನ್ನು ಕಾಪಾಡಿಕೊಳ್ಳಿ.

ಇವತ್ತು ಸೊಪ್ಪು ಹಾಕುವ ಮೊದಲೇ ಅಂಚಿನಲ್ಲಿರುವ ಹುಳುಗಳನ್ನು ಕಡ್ಡಿಯಿಂದ ಆರಿಸಿ. ಚರ್ಮ ಒಡೆಯಬಾರದು. ಆ ಹಾಲಿನಲ್ಲೇ ರೋಗ ಇರುವುದು. ಅದು ಬಿದ್ದ ಸೊಪ್ಪು ತಿಂದ ಹುಳುವಿಗೂ ಅಂಟುತ್ತದೆ. ಆರಿಸಿದ್ದನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಹಾಕಿ, ಆಮೇಲೆ ದೂರದಲ್ಲಿ ಆಳವಾಗಿ ಹೂಳಿ. ನಾನು ಸಾಕಣೆ ಶುರು ಮಾಡಿದ ಎರಡನೇ ವರ್ಷ ಅವನ್ನು ಬಾಗಿಲ ಪಕ್ಕದ ಕಸದ ಗುಡ್ಡೆಗೆ ಎಸೆದಿದ್ದೆ. ಕೈ ತೊಳೆಯದೆ ಪಕ್ಕದ ತಟ್ಟೆಗೆ ಸೊಪ್ಪು ಹಾಕಿದೆ. ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಆ ತಟ್ಟೆಯ ಹುಳುಗಳೂ ಚಂದ್ರಿಕೆಯಲ್ಲಿ, ಅಂದರೆ ಗೂಡು ಕಟ್ಟಲು ಬಿಡುವ ತಟ್ಟಿಯಲ್ಲಿ, ತಲೆಕೆಳಗಾಗಿ ಜೋತುಬಿದ್ದು ಸತ್ತವು. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ದೊಡ್ಡ ಹುಳುವಿಗೆ ಸೋಂಕು ತಗುಲಿ ಸುಮಾರು 5–7 ದಿನಕ್ಕೆ ರೋಗ ಕಾಣುತ್ತದೆ. ಅಂದರೆ ನಿಮ್ಮ ಹುಳುಗಳಿಗೆ ನಾಲ್ಕನೇ ಜ್ವರದ ಆಸುಪಾಸಿನಲ್ಲೇ ಅಂಟಿರಬೇಕು. ಅದಕ್ಕೇ ಜ್ವರದ ಹೊತ್ತಿನಲ್ಲಿ ಕಣ್ಣಿಟ್ಟು ನೋಡಬೇಕು ಅನ್ನುವುದು. ಎಲ್ಲವೂ ತಲೆ ಎತ್ತಿ ಅಲುಗಾಡದೆ ಕೂತಿರುವಾಗ ಒಂದೆರಡು ಮಾತ್ರ ಹೊಳಪು ಮೈ ಹೊತ್ತು ಓಡಾಡುತ್ತವೆ, ಜ್ವರಕ್ಕೇ ಕೂರುವುದಿಲ್ಲ. ಬೇಗ ಬೆಳೆಯುತ್ತಿವೆ ಅಂತ ಸಂತೋಷಪಡಬೇಡಿ. ಅವನ್ನು ಆಗಲೇ ತೆಗೆದುಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಆಗ ಹಾಸಿಗೆ ಒಣಗಿರಲಿ ಅಂತ ಅರಳಿದ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿ. ಎಲ್ಲ ಎದ್ದ ಮೇಲೆಯೇ ಸೊಪ್ಪು ಕೊಡಿ.

ಸೊಪ್ಪಿನಿಂದ ರೋಗ ಹುಟ್ಟುವುದಿಲ್ಲ. ಆದರೆ ಬಲಿತು ಒರಟಾದ ಸೊಪ್ಪು, ಗಾಳಿಯಾಡದ ಮನೆ, ಏರಿಳಿಯುವ ಶಾಖ ಇದ್ದರೆ ಹುಳು ಸೊರಗಿ ಬೇಗ ಬಲಿಯಾಗುತ್ತದೆ. ದೊಡ್ಡ ಹುಳುವಿಗೆ 24–25 ಡಿಗ್ರಿ ಸೆಲ್ಸಿಯಸ್ ಸಾಕು.

ಗೂಡು ಬಿಡಿಸಿದ ಮೇಲೆ ತಟ್ಟೆ, ಚಂದ್ರಿಕೆ, ಗೋಡೆ, ನೆಲ ಎಲ್ಲ ತೊಳೆಯಿರಿ. ಈ ವೈರಸ್ಸು ಒಣ ಧೂಳಿನಲ್ಲೂ ಬಹಳ ಕಾಲ ಉಳಿಯುತ್ತದೆ. 10 ಲೀಟರ್ ನೀರಿಗೆ 200 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, 30 ಗ್ರಾಂ ಅರಳಿದ ಸುಣ್ಣ ಕಲಸಿ ಎಲ್ಲ ಕಡೆ ತೋಯುವಂತೆ ಸಿಂಪಡಿಸಿ. ಬಾಯಿ ಬಿಚ್ಚಿಟ್ಟ ಹಳೆಯ ಪೊಟ್ಟಣ ಬೇಡ, ಅದರ ಕ್ಲೋರಿನ್ ಹೋಗಿರುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಹುಳು ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಅದು ಸಪ್ಪೆ ರೋಗ. ಸತ್ತ ಹುಳು ಗಟ್ಟಿಯಾಗಿ ಬೆಳ್ಳಗಾದರೆ ಸುಣ್ಣಕಟ್ಟು. ಅದು ಶಿಲೀಂಧ್ರದಿಂದ ಬರುತ್ತದೆ, ತೇವ ಜಾಸ್ತಿಯಾದಾಗ ಹಬ್ಬುತ್ತದೆ. ಹುಳುಗಳು ಒಂದೇ ಸಮ ಬೆಳೆಯದೆ ಸಣ್ಣದು ದೊಡ್ಡದಾದರೆ ಮಾತ್ರ ಗಂಟುರೋಗದ ಅನುಮಾನ ಇಟ್ಟುಕೊಳ್ಳಿ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ಬರುತ್ತದೆ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆರಿಸುವ ದಾರಿಯನ್ನು ಲೂಯಿ ಪಾಸ್ಟರ್ 1860ರ ದಶಕದಲ್ಲೇ ತೋರಿಸಿಕೊಟ್ಟರು.

ಈ ಸಲ ನಾಲ್ಕನೇ ಜ್ವರ ಎಲ್ಲವೂ ಒಟ್ಟಿಗೆ ಎದ್ದವಾ? ಕೂರದೆ ಉಳಿದವು ಇದ್ದವಾ? ನೆನಪು ಮಾಡಿಕೊಂಡು ಇನ್ನೊಮ್ಮೆ ಬರೆಯಿರಿ.