ಕ್ಯಾಂಪರ್ ವ್ಯಾನಿಗೆ ಕಡಿಮೆ ಖರ್ಚಿನಲ್ಲಿ ನೆರಳಿಗೆ ಏನಾದರೂ ಬೇಕು, ಚಿತ್ರದುರ್ಗದ ಕಡೆ ನಿಲ್ಲಿಸುವುದಿದೆ, ಯಾವುದು ಒಳ್ಳೆಯದು?

ವ್ಯಾನಿನ ಪಕ್ಕಕ್ಕೆ ಬಿಚ್ಚಿ ಸುತ್ತಿಡುವ ರೆಡಿಮೇಡ್ ಆನಿಂಗ್‌ಗೆ (ಬಟ್ಟೆಯ ಚಾವಣಿ) ಸುಮ್ನೆ ದುಡ್ಡು ಸುರಿಯಬೇಡಿ. ಚಿತ್ರದುರ್ಗದ ಕಡೆ ನಿಲ್ಲಿಸುತ್ತೀರಿ ಎಂದರೆ ಮೊದಲು ಯೋಚಿಸಬೇಕಾದದ್ದು ಗಾಳಿ. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಅಲ್ವಾ?

ಬಿಸಿಲಿಗಷ್ಟೇ ಆದರೆ ಶೇಡ್ ನೆಟ್ ಸಾಕು, ತೂತುಗಳಲ್ಲಿ ಗಾಳಿ ಹಾದುಹೋಗುವುದರಿಂದ ಗಾಳಿಪಟದ ಹಾಗೆ ಅಷ್ಟು ಎಳೆಯುವುದಿಲ್ಲ, ಆದರೆ ಮಳೆ ಸೋರುತ್ತದೆ. ಮಳೆಗೂ ಬೇಕೆಂದರೆ ಅಂಚಿನಲ್ಲಿ ಲೋಹದ ರಿಂಗ್ ಇರುವ ತಾಡಪಾಲು ತಗೊಳ್ಳಿ. ಜಿಎಸ್‌ಎಂ (ಒಂದು ಚದರ ಮೀಟರ್ ತಾಡಪಾಲು ಎಷ್ಟು ಗ್ರಾಂ ತೂಗುತ್ತದೆ ಅನ್ನೋದು) ಜಾಸ್ತಿ ಇದ್ದಷ್ಟು ದಪ್ಪ, ಭಾರವೂ ಜಾಸ್ತಿ. ನನ್ನ ಪ್ರಕಾರ 200ರ ಆಸುಪಾಸು ಸಾಕು. ಒಂದು ಅಂಚನ್ನು ವ್ಯಾನಿನ ಕ್ಯಾರಿಯರ್‌ಗೆ ಕಟ್ಟಿ, ಎದುರಿನದನ್ನು ಎರಡು ಕಂಬಕ್ಕೆ ಕಟ್ಟಿ, ಒಂದು ಮೂಲೆ ತಗ್ಗಿಸಿ, ಇಲ್ಲದಿದ್ದರೆ ನಡುವೆ ನೀರು ನಿಂತು ಜೋತುಬೀಳುತ್ತದೆ. ಬಂಡೆ ನೆಲದಲ್ಲಿ ಗೂಟ ಇಳಿಯಲ್ಲ, ಕಂಬವನ್ನು ಎಳೆದು ಹಿಡಿಯುವ ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಿ. ಗಾಳಿ ಜೋರಾದರೆ ಬಿಚ್ಚಿಬಿಡಿ.