ಇಂಗ್ಲಿಷ್ ತರಗತಿಯಲ್ಲಿ ಜಗತ್ತಿನ ಸಾಹಿತ್ಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪ್ರೌಢಶಾಲೆಯಲ್ಲಿರುವ ನನ್ನ ಮಗಳ ಇಂಗ್ಲಿಷ್ ತರಗತಿಯಲ್ಲಿ ಈ ವರ್ಷ ಗ್ರೀಕ್ ಮಹಾಕಾವ್ಯದ ಕೆಲವು ಭಾಗಗಳು, ಒಂದು ಗ್ರೀಕ್ ನಾಟಕ ಮತ್ತು ಆಫ್ರಿಕದ ಒಂದು ಕಾದಂಬರಿ ಪಠ್ಯವಾಗಿವೆ. ಇಂಗ್ಲಿಷ್ ಕಲಿಯಬೇಕಾದ ವಯಸ್ಸಿನಲ್ಲಿ ಇಂಗ್ಲಿಷಿನದೇ ಕವಿಗಳನ್ನು ಬಿಟ್ಟು ಬೇರೆ ಭಾಷೆಗಳ ಅನುವಾದಗಳನ್ನು ಓದಿಸಿದರೆ ಭಾಷೆ ಬಲಿಯುತ್ತದೆಯೇ?

ಉತ್ತರ: ಬಲಿಯುತ್ತದೆ. ಇಂಗ್ಲಿಷ್ ಸಾಹಿತ್ಯವೇ ಅನುವಾದಗಳನ್ನು ಉಂಡು ಬೆಳೆದದ್ದು ಎಂಬುದನ್ನು ದಯವಿಟ್ಟು ಗಮನಿಸಿ. ಇಂಗ್ಲಿಷ್ ಗದ್ಯದ ಲಯವನ್ನು ಶತಮಾನಗಳ ಕಾಲ ತಿದ್ದಿದ 1611ರ ಬೈಬಲ್ ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಬಂದದ್ದು. ಗ್ರೀಕ್ ಭಾಷೆ ತಿಳಿಯದ ಜಾನ್ ಕೀಟ್ಸ್, ಜಾರ್ಜ್ ಚಾಪ್‌ಮನ್ ಇಂಗ್ಲಿಷಿಗೆ ತಂದ ಹೋಮರನನ್ನು ಓದಿದ ಬೆರಗಿನಲ್ಲಿ 1816ರಲ್ಲಿ ಬರೆದ ಸಾನೆಟ್ ಇಂದಿಗೂ ಇಂಗ್ಲಿಷ್ ಕಾವ್ಯದ ಅತ್ಯುತ್ತಮ ಪದ್ಯಗಳ ಸಾಲಿನಲ್ಲಿದೆ. ವಿಶ್ವಸಾಹಿತ್ಯದ ಯುಗ ಹತ್ತಿರ ಬಂದಿದೆ ಎಂದು 1827ರ ಜನವರಿಯಲ್ಲಿ ಜರ್ಮನ್ ಕವಿ ಗಯಟೆ ತನ್ನ ಕಿರಿಯ ಒಡನಾಡಿ ಎಕರ್‌ಮನ್‌ಗೆ ಹೇಳಿದ್ದೂ ಒಂದು ಚೀನೀ ಕಾದಂಬರಿಯನ್ನು ಅನುವಾದದಲ್ಲಿ ಓದಿದ ಹೊತ್ತಿನಲ್ಲಿಯೇ.

ಶಾಲೆಯ ಪಠ್ಯಕ್ರಮಗಳೂ ಇದನ್ನು ಒಪ್ಪಿಕೊಂಡಿವೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಕಾಮನ್ ಕೋರ್ ಮಾನದಂಡಗಳು, ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳು ತಮ್ಮ ದೇಶದ ಹೊರಗಿನ ಕೃತಿಗಳಲ್ಲಿ ಕಾಣುವ ದೃಷ್ಟಿಕೋನವನ್ನು ಅಥವಾ ಸಾಂಸ್ಕೃತಿಕ ಅನುಭವವನ್ನು ವಿಶ್ಲೇಷಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತರರಾಷ್ಟ್ರೀಯ ಶಾಲಾ ಪಠ್ಯಕ್ರಮದ ಡಿಪ್ಲೊಮಾ ಹಂತದ ಸಾಹಿತ್ಯ ವಿಷಯದಲ್ಲಿ ಅನುವಾದಿತ ಕೃತಿಗಳ ಓದು ಕಡ್ಡಾಯವಾಗಿದೆ.

ಭಾಷೆಯ ದೃಷ್ಟಿಯಿಂದ ಒಂದು ಅಭ್ಯಾಸವನ್ನು ನಿಮ್ಮ ಮಗಳಿಗೆ ಸೂಚಿಸುತ್ತೇನೆ. ಹೋಮರನ ಮಹಾಕಾವ್ಯ ಒಡಿಸ್ಸಿಯ ಒಂದೇ ಪ್ರಸಂಗವನ್ನು ಎರಡು ಮೂರು ಅನುವಾದಗಳಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಓದಲಿ. ಇ. ವಿ. ರಿಯು 1946ರಲ್ಲಿ ಅದನ್ನು ಗದ್ಯಕ್ಕೆ ತಂದರು, ರಾಬರ್ಟ್ ಫೇಗಲ್ಸ್ 1996ರಲ್ಲಿ ಸಡಿಲವಾದ ದೀರ್ಘ ಸಾಲುಗಳಲ್ಲಿ ತಂದರು, ಎಮಿಲಿ ವಿಲ್ಸನ್ 2017ರಲ್ಲಿ ಸಾಲಿಗೆ ಹತ್ತು ಉಚ್ಚಾರಾಂಶಗಳ ಅಯಾಂಬಿಕ್ ಪೆಂಟಾಮೀಟರ್ ಛಂದಸ್ಸಿನಲ್ಲಿ, ಮೂಲದಲ್ಲಿ ಎಷ್ಟು ಸಾಲುಗಳಿವೆಯೋ ಅಷ್ಟೇ ಸಾಲುಗಳಲ್ಲಿ ತಂದರು. ಒಂದೇ ಘಟನೆ ಮೂರು ಇಂಗ್ಲಿಷುಗಳಲ್ಲಿ ಮೂರು ವೇಗಗಳನ್ನು ಪಡೆಯುವುದನ್ನು, ಒಬ್ಬರು ಎರಡು ವಾಕ್ಯ ಮಾಡಿದ್ದನ್ನು ಇನ್ನೊಬ್ಬರು ಒಂದೇ ಉಸಿರಿನಲ್ಲಿ ಹೇಳುವುದನ್ನು ಕಂಡ ಹುಡುಗಿಗೆ ವಾಕ್ಯರಚನೆಯ ಬಗ್ಗೆ ಹುಟ್ಟುವ ಎಚ್ಚರ ಯಾವ ವ್ಯಾಕರಣದ ಪಾಠದಿಂದಲೂ ಅಷ್ಟು ಬೇಗ ಹುಟ್ಟುವುದಿಲ್ಲ. ಇನ್ನು, ಆಫ್ರಿಕದ ಕಾದಂಬರಿಯು ನೈಜೀರಿಯದ ಲೇಖಕ ಚಿನುವ ಅಚೆಬೆಯವರದಾಗಿದ್ದರೆ ಅದು ಅನುವಾದವೇ ಅಲ್ಲ. ಅವರು ಅದನ್ನು ಇಂಗ್ಲಿಷಿನಲ್ಲಿಯೇ ಬರೆದರು.

ಪ್ರಶ್ನೆ: ನಾನು ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ. ಅಚೆಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಪಾಠವಾದ ಮೇಲೆ ಪ್ರಬಂಧ ಬರೆಸಿದರೆ ಅರ್ಧ ತರಗತಿ ‘ಆಫ್ರಿಕದ ಜನರು ಹೀಗೆ ಬದುಕುತ್ತಾರೆ’ ಎಂದು ಬರೆದಿರುತ್ತದೆ. ಹಿನ್ನೆಲೆಯನ್ನು ನಾನು ಮೊದಲೇ ವಿವರವಾಗಿ ಹೇಳಿರುತ್ತೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಈ ಪ್ರಶ್ನೆಗೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಜಗತ್ತಿನ ಸಾಹಿತ್ಯವನ್ನು ಶಾಲೆಯಲ್ಲಿ ಓದಿಸುವುದರ ಹಿತವೂ ಅಪಾಯವೂ ಇಲ್ಲಿಯೇ ಇದೆ. ಒಂದು ಕಾದಂಬರಿಯನ್ನು ಒಂದು ದೇಶದ ಪರಿಚಯಪತ್ರವೆಂದು ಕೈಗಿಟ್ಟರೆ ಮಕ್ಕಳು ಅದನ್ನು ಹಾಗೆಯೇ ಓದುತ್ತಾರೆ. ನೀವು ಮೊದಲೇ ಕೊಡುವ ವಿವರವಾದ ಹಿನ್ನೆಲೆಯೇ ಅವರನ್ನು ಆ ದಾರಿಗೆ ತಳ್ಳುತ್ತಿರಬಹುದು. ಮದುವೆ, ಹಬ್ಬ, ಬೇಸಾಯ, ದೇವತೆಗಳು ಎಂದು ಟಿಪ್ಪಣಿ ಬರೆದುಕೊಂಡ ಹುಡುಗ ಪುಸ್ತಕ ತೆರೆದಾಗ ಆ ಟಿಪ್ಪಣಿಗೆ ಉದಾಹರಣೆಗಳನ್ನು ಮಾತ್ರ ಹುಡುಕುತ್ತಾನೆ. ಕಥಾನಾಯಕ ಓಕೊಂಕ್ವೊ ಎಂಬ ಒಬ್ಬ ಮನುಷ್ಯ ಅವನ ಕಣ್ಣಿಗೆ ಬೀಳುವುದಿಲ್ಲ.

ಕೃತಿಯೊಳಗಿನ ಭಿನ್ನಮತಗಳಿಂದ ಪಾಠ ಆರಂಭಿಸಿ ನೋಡಿ. ಇಕೆಮೆಫುನ ಎಂಬ ಹುಡುಗ ಮೂರು ವರ್ಷ ಓಕೊಂಕ್ವೊನ ಮನೆಯಲ್ಲಿ ಬೆಳೆದು ಅವನನ್ನು ಅಪ್ಪ ಎಂದು ಕರೆಯುತ್ತಾನೆ. ದೈವವಾಣಿಯ ಆಜ್ಞೆಯಂತೆ ಆ ಹುಡುಗನನ್ನು ಕೊಲ್ಲಬೇಕಾಗಿ ಬಂದಾಗ, ಅವನ ಸಾವಿನಲ್ಲಿ ನಿನ್ನ ಕೈ ಇರದಿರಲಿ ಎಂದು ಊರಿನ ಹಿರಿಯ ಎಜೆಯುಡು ಎಚ್ಚರಿಸುತ್ತಾನೆ. ಗೆಳೆಯ ಒಬಿಯೆರಿಕ ಆ ಕೆಲಸಕ್ಕೆ ಹೋಗುವುದೇ ಇಲ್ಲ. ಓಕೊಂಕ್ವೊ ಹೋಗುತ್ತಾನೆ, ದುರ್ಬಲನೆಂದು ಜನ ತಿಳಿದಾರು ಎಂಬ ಭಯದಿಂದ ತಾನೇ ಕತ್ತಿ ಬೀಸುತ್ತಾನೆ. ಮಗ ನ್ವೊಯೆಯ ಒಳಗೆ ಅಂದು ಏನೋ ಮುರಿಯುತ್ತದೆ. ಒಂದೇ ಊರಿನ ನಾಲ್ಕು ಮಂದಿ ಒಂದೇ ಆಜ್ಞೆಗೆ ನಾಲ್ಕು ರೀತಿ ಸ್ಪಂದಿಸಿದ್ದಾರೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡರೆ, ‘ಆಫ್ರಿಕದ ಜನರು’ ಎಂದು ಆರಂಭವಾಗುವ ವಾಕ್ಯವನ್ನು ಬರೆಯಲು ಅವರ ಕೈ ತಾನಾಗಿಯೇ ತಡವರಿಸುತ್ತದೆ. ಆದರೂ ಅಂಥ ವಾಕ್ಯ ಬಂದರೆ ಅಂಕ ಕಳೆಯಬೇಡಿ. ಅಲ್ಲಿ ಒಂದು ಪಾತ್ರದ ಹೆಸರನ್ನು ಇಟ್ಟು ಮತ್ತೆ ಬರೆಯಲು ಹೇಳಿ. ವಾಕ್ಯ ನಿಲ್ಲುತ್ತದೆಯೋ ಕುಸಿಯುತ್ತದೆಯೋ ಅವರಿಗೇ ಗೊತ್ತಾಗುತ್ತದೆ.

ಕಾದಂಬರಿಯ ಕೊನೆಯ ಪುಟವನ್ನಂತೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸಲೇಬೇಕು. ಅಲ್ಲಿಯವರೆಗೆ ಊರಿನವರ ಒಡನಾಟದಲ್ಲಿ ನಡೆದ ಕಥೆ ಒಮ್ಮೆಲೇ ಬ್ರಿಟಿಷ್ ಜಿಲ್ಲಾಧಿಕಾರಿಯ ಮನಸ್ಸಿನೊಳಗೆ ಹೋಗುತ್ತದೆ. ನೇಣು ಹಾಕಿಕೊಂಡ ಓಕೊಂಕ್ವೊನ ಬಗ್ಗೆ ತಾನು ಬರೆಯಲಿರುವ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆಯಬಹುದು ಎಂದುಕೊಂಡ ಆ ಅಧಿಕಾರಿ, ಅಧ್ಯಾಯ ಬೇಡ, ಒಂದು ಪ್ಯಾರಾ ಸಾಕು ಎಂದು ತೀರ್ಮಾನಿಸುತ್ತಾನೆ. ಇಪ್ಪತ್ತೈದು ಅಧ್ಯಾಯಗಳ ಉದ್ದಕ್ಕೂ ನಮ್ಮೆದುರು ಬದುಕಿದ ಮನುಷ್ಯನೊಬ್ಬ ಹೊರಗಿನವನ ವರದಿಯಲ್ಲಿ ಒಂದು ಪ್ಯಾರಾ ಆಗುವ ಆ ಕ್ಷಣವನ್ನು ಓದಿದ ಮೇಲೆ, ನಿಮ್ಮ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳನ್ನು ಮತ್ತೆ ತೆಗೆದು ನೋಡಲಿ. ನೈಜೀರಿಯ ಸ್ವತಂತ್ರವಾಗುವುದಕ್ಕೆ ಎರಡು ವರ್ಷ ಮೊದಲು, 1958ರಲ್ಲಿ, ಈ ಕೃತಿ ಪ್ರಕಟವಾಯಿತು ಎಂಬ ಮಾಹಿತಿಯನ್ನು ಆ ನಂತರ ಕೊಟ್ಟರೆ ಅದು ಬೇರೆಯೇ ತೂಕದಿಂದ ಕಿವಿಗೆ ಬೀಳುತ್ತದೆ.

ಹಿನ್ನೆಲೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಸೊಫೊಕ್ಲಿಸನ ‘ಆಂಟಿಗೊನೆ’ಯಲ್ಲಿ ಹೆಣಕ್ಕೆ ಸಂಸ್ಕಾರ ಸಿಗದಿರುವುದು ಆ ಕಾಲದ ಗ್ರೀಕರಿಗೆ ಎಷ್ಟು ಘೋರವಾಗಿತ್ತು ಎಂಬುದು ಮೊದಲೇ ತಿಳಿಯದಿದ್ದರೆ ನಾಟಕದ ಜಗಳವೇ ಅರ್ಥವಾಗುವುದಿಲ್ಲ, ಅಷ್ಟನ್ನು ಮೊದಲೇ ಹೇಳಬೇಕು. ಉಳಿದದ್ದು ಪ್ರಶ್ನೆ ಎದ್ದಾಗ ಬರಲಿ. ಅಲ್ಲಿಯೂ ರಾಜ ಕ್ರಿಯಾನನ ಮಗ ಹೈಮನ್, ರಾಜಾಜ್ಞೆ ಮೀರಿ ಸೋದರನ ಹೆಣಕ್ಕೆ ಮಣ್ಣು ಹಾಕಿದ ಆಂಟಿಗೊನೆಗಾಗಿ ನಗರದ ಜನ ಮರುಗುತ್ತಿದ್ದಾರೆ ಎಂದು ತಂದೆಯ ಮುಖಕ್ಕೇ ಹೇಳುತ್ತಾನೆ. ನಾಟಕದ ಕಥೆ ನಡೆಯುವುದು ಥೀಬ್ಸ್‌ನಲ್ಲಿ, ಅದನ್ನು ಮೊದಲು ನೋಡಿದವರು ಅಥೆನ್ಸಿನವರು. ತಮ್ಮದಲ್ಲದ ಊರಿನ ಕಥೆಯ ಮೂಲಕ ತಮ್ಮ ಪ್ರಶ್ನೆಗಳನ್ನು ಯೋಚಿಸುವ ಕೆಲಸವನ್ನು ಅವರೂ ಮಾಡಿದ್ದರು.

ಪ್ರಶ್ನೆ: ನಾನು ಹತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ನಮಗಿರುವ ಗಿಲ್ಗಮೆಶ್ ಕಾವ್ಯದ ಅನುವಾದದಲ್ಲಿ ಎಷ್ಟೋ ಕಡೆ ಸಾಲುಗಳ ಬದಲು ಚುಕ್ಕೆಗಳಿವೆ, ಆವರಣ ಚಿಹ್ನೆಗಳಿವೆ. ಕಥೆಯನ್ನು ಪೂರ್ತಿಯಾಗಿ ಹೇಳುವ ಪುಸ್ತಕ ಓದಿದರೆ ಸಾಲದೇ?

ಉತ್ತರ: ಚುಕ್ಕೆಗಳಿರುವ ಪುಸ್ತಕವನ್ನೇ ಓದಿರಿ. ಮೆಸೊಪೊಟೇಮಿಯದ ಆ ಕಾವ್ಯ ಮಣ್ಣಿನ ಫಲಕಗಳ ಮೇಲೆ ಬೆಣೆಯಾಕಾರದ ಲಿಪಿಯಲ್ಲಿ ಉಳಿದು ಬಂದಿದೆ. ಕ್ರಿಸ್ತಪೂರ್ವ ಏಳನೇ ಶತಮಾನದ ದೊರೆ ಅಶುರ್‌ಬನಿಪಾಲನ ನಿನೆವೆಯ ಗ್ರಂಥಾಲಯದ ಒಡೆದ ಫಲಕಗಳಲ್ಲಿ ಜಲಪ್ರಳಯದ ಕಥೆಯನ್ನು ಬ್ರಿಟಿಷ್ ವಿದ್ವಾಂಸ ಜಾರ್ಜ್ ಸ್ಮಿತ್ ಗುರುತಿಸಿದ್ದು 1872ರಲ್ಲಿ. ಹುಡುಕಾಟ ಇನ್ನೂ ನಿಂತಿಲ್ಲ: ಇರಾಕಿನ ಸುಲೇಮಾನಿಯ ವಸ್ತುಸಂಗ್ರಹಾಲಯ 2011ರಲ್ಲಿ ಕೊಂಡ ಒಂದು ತುಂಡು ಫಲಕ, ದೇವದಾರು ಕಾಡಿನ ಪ್ರಸಂಗಕ್ಕೆ ಅದುವರೆಗೆ ಯಾರಿಗೂ ತಿಳಿಯದಿದ್ದ ಸಾಲುಗಳನ್ನು ಸೇರಿಸಿತು. ಇಲ್ಲಿ ಫಲಕ ಒಡೆದಿದೆ ಎಂದು ಅನುವಾದಕರು ನಿಮಗೆ ಪ್ರಾಮಾಣಿಕವಾಗಿ ಹೇಳುತ್ತಿದ್ದಾರೆ. ಆ ಪ್ರಾಮಾಣಿಕತೆಯನ್ನು ಗೌರವಿಸಿ, ಚುಕ್ಕೆಗಳ ಜಾಗವನ್ನು ಊಹೆಯಿಂದ ತುಂಬಲು ಹೋಗದೆ, ಉಳಿದಿರುವುದನ್ನು ನಿಧಾನವಾಗಿ ಓದಿರಿ. ಎಂಕಿಡು ಸತ್ತಾಗ ಗಿಲ್ಗಮೆಶ್ ಆರು ಹಗಲು ಏಳು ರಾತ್ರಿ ಗೆಳೆಯನ ದೇಹವನ್ನು ಮಣ್ಣಿಗೆ ಕೊಡದೆ ಕಾಯುತ್ತಾನೆ, ಮೂಗಿನಿಂದ ಹುಳು ಉದುರುವವರೆಗೂ. ಇಂಥ ಸಾಲುಗಳು ಉಳಿದಿರುವಾಗ ಪೂರ್ತಿ ಮಾಡಿದ ಸಾರಾಂಶದಲ್ಲಿ ನಿಮಗೆ ಸಿಗುವುದು ಬಹಳ ಕಡಿಮೆ.

ಪ್ರಶ್ನೆ: ಪರೀಕ್ಷೆಯಲ್ಲಿ ಅನುವಾದಕರ ಹೆಸರನ್ನೂ ಬರೆಯಬೇಕೇ? ನನ್ನ ಮಾತೃಭಾಷೆಯಲ್ಲಿ ಓದಿದ ಕೃತಿಯೊಂದಿಗೆ ಹೋಲಿಸಬಹುದೇ?

ಉತ್ತರ: ಹೆಸರನ್ನು ಬರೆಯಿರಿ. ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯ ಹಣವನ್ನೇ 2016ರಿಂದ ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚಲಾಗುತ್ತಿದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ ಅದು ಬಂದಾಗ ಅನುವಾದಕಿ ದೀಪಾ ಭಾಸ್ತಿಯವರೂ ಸಮಪಾಲು ಪಡೆದರು. ವಾಕ್ಯದ ಲಯದ ಬಗ್ಗೆ ಬರೆಯುವಾಗಲಂತೂ ಅದು ಯಾರ ಇಂಗ್ಲಿಷ್ ಎಂದು ಹೇಳಲೇಬೇಕು. ಹೋಲಿಕೆಯನ್ನು ಪ್ರಶ್ನೆಪತ್ರಿಕೆ ನಿಷೇಧಿಸಿರದಿದ್ದರೆ ಧಾರಾಳವಾಗಿ ಮಾಡಿ, ಆದರೆ ಎರಡು ಕೃತಿಗಳೂ ಪ್ರೀತಿಯ ಬಗ್ಗೆ ಇವೆ ಎಂಬಂಥ ಸಡಿಲ ಮಾತಿನಲ್ಲಿ ನಿಲ್ಲಿಸಬೇಡಿ. ಎರಡರಲ್ಲಿಯೂ ಒಂದೊಂದು ಸನ್ನಿವೇಶವನ್ನು ಆರಿಸಿಕೊಂಡು, ಕಥೆಯನ್ನು ಯಾರು ಹೇಳುತ್ತಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ ಎಂಬುದನ್ನು ಹೋಲಿಸಿ ಬರೆಯಿರಿ.