ಚಿಗುರು ಮೀಸೆಗೆ ಯಾವ ಕ್ರಾಪು?

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಹದಿಹರೆಯದ ಹುಡುಗರ ತಲೆಗೂದಲಿನ ಬಗ್ಗೆ. ಹುಡುಗರೂ ಬರೆದಿದ್ದಾರೆ, ಅಪ್ಪ-ಅಮ್ಮಂದಿರೂ ಬರೆದಿದ್ದಾರೆ.

ಪ್ರಶ್ನೆ: ನನಗೆ 16 ವರ್ಷ, ದುಂಡು ಮುಖ. ಚಿಕ್ಕಂದಿನಿಂದಲೂ ಮುಂದಿನ ಕೂದಲನ್ನು ಹಣೆಯ ಮೇಲೆ ಬಿಟ್ಟುಕೊಂಡೇ ಬಂದಿದ್ದೇನೆ. 14 ವರ್ಷದ ತಮ್ಮನನ್ನೇ ಅಣ್ಣ ಅಂದುಕೊಳ್ಳುತ್ತಾರೆ. ಸ್ವಲ್ಪ ದೊಡ್ಡವನಂತೆ ಕಾಣಲು ಯಾವ ಹೇರ್‌ಕಟ್ ಮಾಡಿಸಲಿ?

ಉತ್ತರ: ಹೊಸ ಕಟ್‌ನ ಹೆಸರು ಹುಡುಕುವ ಮುಂಚೆ, ಈಗಿರುವುದರಲ್ಲಿ ಮಗುತನ ಎಲ್ಲಿ ಕೂತಿದೆ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ಹುಬ್ಬಿನ ತನಕ ಇಳಿದ ಕೂದಲು ಹಣೆಯನ್ನು ನುಂಗುತ್ತದೆ, ಮುಖ ಗಿಡ್ಡವಾಗಿ ಕೆನ್ನೆಯೇ ಎದ್ದು ಕಾಣುತ್ತದೆ. ಕಿವಿಯ ಮೇಲೆ ಕೂದಲು ಉಬ್ಬಿದ್ದರೆ ತಲೆ ಇನ್ನೂ ದುಂಡಗಾಗುತ್ತದೆ. ಸೈಡ್‌ಲಾಕನ್ನು ಕಿವಿಯ ಮೇಲ್ತುದಿಗೇ ಕತ್ತರಿಸಿಬಿಟ್ಟಿದ್ದರಂತೂ ಮುಗಿಯಿತು, ವಯಸ್ಸು ಎರಡು ವರ್ಷ ಕಡಿಮೆಯಾದಂತೆಯೇ. ಈ ಮೂರನ್ನು ಸರಿಪಡಿಸಿದರೆ ಅರ್ಧ ಕೆಲಸ ಆದಂತೆ. ಹಣೆ ಕಾಣಬೇಕು, ಬದಿಯ ಕೂದಲು ಉಬ್ಬದೆ ತಲೆಗೆ ಅಂಟಿದಂತಿರಬೇಕು, ಸೈಡ್‌ಲಾಕ್ ಕಿವಿಯ ನಡುಮಟ್ಟದವರೆಗೆ ಇಳಿಯಬೇಕು.

ನಿಮಗೆ ಒಪ್ಪುವುದು ಟೇಪರ್ (ಕೆಳಗೆ ಬಂದಂತೆ ಕೂದಲು ಕ್ರಮೇಣ ಚಿಕ್ಕದಾಗುವುದು) ಇರುವ ಸೈಡ್ ಪಾರ್ಟ್, ಅಂದರೆ ಪಕ್ಕ ಬೈತಲೆಯ ಕಟ್. ಸಲೂನ್‌ನಲ್ಲಿ ಹೆಸರಿನ ಜೊತೆಗೆ ಅಳತೆಯನ್ನೂ ಹೇಳಿ, ಏಕೆಂದರೆ ಒಂದೇ ಹೆಸರಿಗೆ ನಾಲ್ಕು ಕಡೆ ನಾಲ್ಕು ಅರ್ಥ. ಮುಂದೆ 6ರಿಂದ 7 ಸೆಂ.ಮೀ. ಉಳಿಯಲಿ, ಹಿಂದೆ ನೆತ್ತಿಯ ಕಡೆ ಹೋಗುತ್ತ 4 ಸೆಂ.ಮೀ.ಗೆ ಇಳಿಯಲಿ. ಬದಿಗೆ ಮೆಷಿನ್‌ನ ಬ್ಲೇಡಿಗೆ ಸಿಕ್ಕಿಸುವ ಬಾಚಣಿಗೆ, ಅಂದರೆ ಗಾರ್ಡ್, ನಂಬರ್ 4 (13 ಮಿ.ಮೀ.), ಕೆಳಗೆ ಬಂದಂತೆ ನಂಬರ್ 3 (10 ಮಿ.ಮೀ.), ಕಿವಿಯ ಸುತ್ತ ಮತ್ತು ಕತ್ತಿನ ಹತ್ತಿರದ ಎರಡು ಬೆರಳಗಲದಲ್ಲಿ ಮಾತ್ರ ನಂಬರ್ 2 (6 ಮಿ.ಮೀ.). ಎಲ್ಲೂ ಬುರುಡೆಯ ಚರ್ಮ ಬಿಳಿಚಿಕೊಂಡು ಕಾಣಬಾರದು.

ಇನ್ನೊಂದು ಮಾತು ಹೇಳಲು ಮರೆಯಬೇಡಿ: "ಮೂಲೆ ಬಿಡಿ, ರೌಂಡ್ ಮಾಡಬೇಡಿ." ತಲೆ ಬದಿಯಿಂದ ಮೇಲಕ್ಕೆ ತಿರುಗುವಲ್ಲಿ, ಹುಬ್ಬಿನ ಹೊರತುದಿಯ ನೇರಕ್ಕೆ ಒಂದು ಮಡಿಕೆ ಸಿಗುತ್ತದೆ. ಬಾಚಣಿಗೆಯನ್ನು ಬದಿಗೆ ಚಪ್ಪಟೆಯಾಗಿ ಹಿಡಿದರೆ ಅದು ತಲೆಯಿಂದ ದೂರವಾಗಲು ಶುರುವಾಗುವ ಜಾಗ ಅದೇ. ಅಲ್ಲಿ ಕೂದಲನ್ನು ಸ್ವಲ್ಪ ತುಂಬಿ ಬಿಟ್ಟರೆ ತಲೆಯ ಆಕಾರ ಚೌಕಕ್ಕೆ ತಿರುಗುತ್ತದೆ. ಗಂಡಸಿನ ಕಟ್‌ಗೂ ಹುಡುಗನ ಕಟ್‌ಗೂ ವ್ಯತ್ಯಾಸ ಹೆಚ್ಚಾಗಿ ಈ ಮೂಲೆಯಲ್ಲೇ ಇರುತ್ತದೆ, ಹಚ್ಚುವ ಕ್ರೀಮಿನಲ್ಲಿ ಅಲ್ಲ. ಮೆಷಿನ್ ಆ ಮಡಿಕೆ ದಾಟಿ ಮೇಲೇರಿತೋ, ಮೂಲೆ ಹೋಯಿತು. ಮತ್ತೆ ಬೆಳೆಯಲು ಎರಡು ತಿಂಗಳಾದರೂ ಬೇಕು.

ಬೈತಲೆ ಎಲ್ಲಿ ತೆಗೆಯಬೇಕೆಂದು ನೀವು ತೀರ್ಮಾನಿಸಬೇಕಿಲ್ಲ, ಕೂದಲೇ ಹೇಳುತ್ತದೆ. ಒದ್ದೆ ಕೂದಲನ್ನು ನೇರ ಹಿಂದಕ್ಕೆ ಬಾಚಿ, ಅಂಗೈಯನ್ನು ನೆತ್ತಿಯ ಮೇಲಿಟ್ಟು ನಿಧಾನವಾಗಿ ಮುಂದಕ್ಕೆ ತಳ್ಳಿ. ಎಲ್ಲಿ ತಾನಾಗಿ ಸೀಳುತ್ತದೋ ಅದೇ ನಿಮ್ಮ ಬೈತಲೆ. ಬ್ಲೇಡಿನಲ್ಲಿ ಗೆರೆ ಕೊರೆಸಿಕೊಳ್ಳಬೇಡಿ, ವಾರದೊಳಗೆ ಮುಳ್ಳು ಮುಳ್ಳಾಗಿ ಮೊಳೆಯುತ್ತದೆ. ವರ್ಷಗಟ್ಟಲೆ ಮುಂದಕ್ಕೆ ಬಿದ್ದ ಕೂದಲು ಪಕ್ಕಕ್ಕೆ ಹೊರಳಲು ಎರಡು ಮೂರು ವಾರ ಹಟ ಮಾಡುವುದು ಸಹಜ. ಆ ದಿನಗಳಲ್ಲಿ ಬೇಸತ್ತು ಮತ್ತೆ ಕತ್ತರಿಸಿಕೊಳ್ಳುವುದೇ ಹೆಚ್ಚಿನವರು ಮಾಡುವ ತಪ್ಪು.

ಪ್ರಶ್ನೆ: ಸ್ಕಿನ್ ಫೇಡ್ ಮಾಡಿಸಿದ ಮೊದಲ ವಾರ ಚೆನ್ನಾಗಿತ್ತು. ಹತ್ತೇ ದಿನಕ್ಕೆ ಎಲ್ಲ ಮಂಕಾಯಿತು. ಕತ್ತರಿಸಿದವರ ತಪ್ಪೇ?

ಉತ್ತರ: ತಪ್ಪು ಅವರದಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಅಂದರೆ ಮೂರು ದಿನಕ್ಕೆ 1 ಮಿ.ಮೀ. ಸೊನ್ನೆಯಿಂದ ಶುರುವಾದ ಕೆಳಪಟ್ಟಿ ಒಂಬತ್ತನೇ ದಿನಕ್ಕೆ 3 ಮಿ.ಮೀ. ಆಗಿರುತ್ತದೆ, ಅದು ನಂಬರ್ 1 ಗಾರ್ಡಿನ ಅಳತೆ. ಮೇಲಿನ 13 ಮಿ.ಮೀ. 16 ಆದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಕೆಳಗೆ ಸೊನ್ನೆ ಮೂರಾದರೆ ಎದುರಿಗೆ ಬಂದವರಿಗೆಲ್ಲ ತಿಳಿಯುತ್ತದೆ. ಫೇಡ್ ಎಂದರೆ ಚರ್ಮದಿಂದ ಕೂದಲಿಗೆ ಏರುವ ನೆರಳು. ಚರ್ಮವೇ ಮುಚ್ಚಿಹೋದ ಮೇಲೆ ನೆರಳೆಲ್ಲಿ?

ಪ್ರತಿ ಎರಡು ವಾರಕ್ಕೊಮ್ಮೆ ಹೋಗಿ ಕೂರಲು ಸಾಧ್ಯವಿದ್ದರೆ ಮುಂದುವರಿಸಿ. ಇಲ್ಲವಾದರೆ ಕಿವಿ-ಕತ್ತಿನ ಅಂಚಿನಲ್ಲಿ ಮಾತ್ರ ಇಳಿಸುವ ಲೋ ಟೇಪರ್ ಕೇಳಿ, ನಾಲ್ಕು ವಾರ ಚೆನ್ನಾಗಿ ನಡೆಯುತ್ತದೆ. ಪೂರ್ತಿ ಕತ್ತರಿಯಲ್ಲೇ ಮಾಡಿದ ಕಟ್ ಐದಾರು ವಾರ ತಾಳುತ್ತದೆ. ಕತ್ತು ತೆಳ್ಳಗಿರುವ ಹುಡುಗರಿಗೆ ಎತ್ತರದ ಫೇಡ್ ಬೇಡವೆನ್ನಲು ಬೇರೆ ಕಾರಣವೂ ಇದೆ: ಕಿವಿ ದೊಡ್ಡದಾಗಿಯೂ ಕತ್ತು ಇನ್ನೂ ಸಣಕಲಾಗಿಯೂ ಕಾಣುತ್ತದೆ. ದೊಡ್ಡವನಾಗಲು ಹೋಗಿ ಚಿಕ್ಕವನಾಗುವುದು ಹೀಗೇ.

ಪ್ರಶ್ನೆ: ಮಗನಿಗೆ 15. ನೆತ್ತಿಯ ಹಿಂದಿನ ಸುಳಿಯಲ್ಲಿ ಕೂದಲು ಜುಟ್ಟಿನಂತೆ ಎದ್ದು ನಿಲ್ಲುತ್ತದೆ. ನೀರು ಹಚ್ಚಿ ಒತ್ತಿದರೆ ಅರ್ಧ ಗಂಟೆಗೆ ಮತ್ತೆ ಅದೇ ಗತಿ. ಸುಳಿಯನ್ನೇ ಚಿಕ್ಕದಾಗಿ ಕತ್ತರಿಸಿಬಿಡಲು ಹೇಳಲೇ?

ಉತ್ತರ: ದಯವಿಟ್ಟು ಬೇಡ. ಸುಳಿಯಲ್ಲಿ ಕೂದಲು ಚರ್ಮದಿಂದ ಹೊರಬರುವಾಗಲೇ ಓರೆಯಾಗಿ, ಸುತ್ತು ಹಾಕಿಕೊಂಡು ಬರುತ್ತದೆ. ಒಂದರಿಂದ ಎರಡೂವರೆ ಸೆಂ.ಮೀ. ಇದ್ದಾಗ ಅದು ಬ್ರಷ್ಷಿನಂತೆ ನೆಟ್ಟಗೆ ನಿಲ್ಲುತ್ತದೆ, ಮಲಗಿಸಲು ತನ್ನದೇ ಭಾರ ಇರುವುದಿಲ್ಲ. ಹಾಗಾಗಿ ಸುಳಿಗೆ ಎರಡೇ ದಾರಿ. ತಲೆಯಿಡೀ 6 ಮಿ.ಮೀ. ಆಸುಪಾಸಿನಲ್ಲಿ ಕತ್ತರಿಸುವುದು, ಇಲ್ಲವೇ ಸುಳಿಯ ಜಾಗದಲ್ಲಿ 5 ಸೆಂ.ಮೀ. ಬಿಡುವುದು. ಅಲ್ಲಿ ಥಿನ್ನಿಂಗ್ ಕತ್ತರಿ ಆಡಿಸಲೂ ಬಿಡಬೇಡಿ. ಅದು ಉದ್ದ ಕೂದಲಿನ ನಡುವೆ ಮೋಟು ಕೂದಲನ್ನು ಉಳಿಸುತ್ತದೆ, ಆ ಮೋಟುಗಳೇ ಮೇಲಿನವನ್ನು ಎತ್ತಿ ಹಿಡಿಯುತ್ತವೆ.

ನೀರು ಹಚ್ಚಿ ಒತ್ತಿದರೂ ಏಕೆ ನಿಲ್ಲಲಿಲ್ಲ ಎಂದರೆ, ನೀವು ತುದಿಯನ್ನು ಒದ್ದೆ ಮಾಡಿದಿರಿ, ಬುಡ ಒಣಗಿಯೇ ಇತ್ತು. ಕೂದಲಿನೊಳಗೆ ಅದರ ಆಕಾರ ಹಿಡಿದಿಡುವ ಹೈಡ್ರೋಜನ್ ಬಂಧಗಳಿವೆ. ನೀರು ತಾಗಿದರೆ ಅವು ಬಿಡುತ್ತವೆ, ಒಣಗುವಾಗ ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ಆದ್ದರಿಂದ ಒದ್ದೆ ಮಾಡುವುದಕ್ಕಿಂತ ಒಣಗಿಸುವುದು ಮುಖ್ಯ.

ಬೆಳಿಗ್ಗೆ ಹೀಗೆ ಮಾಡಿಸಿ. ಸುಳಿಯ ಬುಡಕ್ಕೆ ಬೆರಳ ತುದಿಯಿಂದ ನೀರು ಉಜ್ಜಿ, ಚರ್ಮ ಒದ್ದೆಯಾಗಬೇಕು. ಟವೆಲ್ ಒತ್ತಿ ನೀರು ಹೀರಿಸಿ, ಗಸಗಸ ಉಜ್ಜಬೇಡಿ. ಡ್ರೈಯರನ್ನು ಮಧ್ಯಮ ಬಿಸಿಗೆ ಇಟ್ಟು ತಲೆಯಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಚಪ್ಪಟೆ ಬ್ರಷ್ಷಿನಿಂದ ಕೂದಲನ್ನು ಮೊದಲು ಎಡಕ್ಕೆ ಎಳೆದು ಹದಿನೈದು ಸೆಕೆಂಡು, ಬಲಕ್ಕೆ ಎಳೆದು ಹದಿನೈದು ಸೆಕೆಂಡು ಒಣಗಿಸಿ, ಮತ್ತೆ ಎಡಕ್ಕೆ. ಹೀಗೆ ಎರಡೂ ಕಡೆ ಎಳೆದಾಗ ಸುಳಿಯ ಬುಡದ ಹಟ ಮುರಿಯುತ್ತದೆ. ಕೊನೆಗೆ ಮಲಗಬೇಕಾದ ದಿಕ್ಕಿಗೆ ಬಾಚಿ, ಅಂಗೈಯಲ್ಲಿ ಒತ್ತಿ ಹಿಡಿದು ತಣ್ಣನೆ ಗಾಳಿ ಬಿಡಿ. ಕೈ ತೆಗೆಯುವಾಗ ಕೂದಲು ಬೆಚ್ಚಗಿದ್ದರೆ ಅವಸರವಾಯಿತೆಂದೇ ಅರ್ಥ. ಒಟ್ಟು ಎರಡು ನಿಮಿಷದ ಕೆಲಸ. ಡ್ರೈಯರ್ ಇಲ್ಲದಿದ್ದರೆ ಒದ್ದೆ ಬುಡದ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಪೂರ್ತಿ ಒಣಗುವ ತನಕ ಬಿಟ್ಟರೂ ಆದೀತು, ಹುಡುಗ ಒಪ್ಪಬೇಕಷ್ಟೆ.

ಪ್ರಶ್ನೆ: ನನ್ನದು ಗುಂಗುರು ಕೂದಲು. ಪ್ರತಿ ಸಲವೂ ಹೇಳಿದ್ದಕ್ಕಿಂತ ಚಿಕ್ಕದಾಗಿಬಿಡುತ್ತದೆ. ನೇರ ಮಾಡಿಸಿದರೆ ಗಂಭೀರವಾಗಿ ಕಾಣುತ್ತೇನೆಯೇ?

ಉತ್ತರ: ಗುಂಗುರು ಕೂದಲು ಒದ್ದೆಯಾದಾಗ ಉದ್ದವಾಗಿ ಜೋತುಬೀಳುತ್ತದೆ, ಒಣಗಿದಾಗ ಸುರುಳಿ ಸುತ್ತಿ ಮೇಲೇರುತ್ತದೆ. ಒದ್ದೆಯಲ್ಲಿ 8 ಸೆಂ.ಮೀ. ಅಳೆದು ಕತ್ತರಿಸಿದ್ದು ಒಣಗಿದ ಮೇಲೆ 5 ಆಗಬಹುದು, ಸುರುಳಿ ಬಿಗಿಯಿದ್ದರೆ ಇನ್ನೂ ಕಡಿಮೆ. ಆದ್ದರಿಂದ ಒಣಗಿದ್ದಾಗಲೇ ಕತ್ತರಿಸಲು ಹೇಳಿ. ಅಂದು ತಲೆಗೆ ಏನನ್ನೂ ಹಚ್ಚದೆ, ಬಾಚದೆ ಹೋಗಿ.

ನೇರ ಮಾಡಿಸುವ ಅಗತ್ಯ ಖಂಡಿತ ಇಲ್ಲ. ಬುಡದಲ್ಲಿ ಗುಂಗುರೇ ಹುಟ್ಟುತ್ತಿರುತ್ತದೆ, ಎರಡು ತಿಂಗಳಲ್ಲಿ ಒಂದೇ ತಲೆಯಲ್ಲಿ ಎರಡು ಬಗೆಯ ಕೂದಲು. ಬದಿಯನ್ನು ನಂಬರ್ 3ರಿಂದ 2ಕ್ಕೆ ಇಳಿಸಿ, ಮೇಲಿನ ಸುರುಳಿಗಳನ್ನು ಇದ್ದಂತೆಯೇ ಬಿಟ್ಟು, ಹಣೆಗೆ ಬೀಳುವ ಮುಂದಿನ ಸಾಲನ್ನು ಮಾತ್ರ ಹುಬ್ಬಿಗಿಂತ ಎರಡು ಬೆರಳು ಮೇಲಕ್ಕೆ ತರಿಸಿ. ಸ್ನಾನದ ನಂತರ ನೀರು ತೊಟ್ಟಿಕ್ಕುತ್ತಿರುವಾಗಲೇ ತೊಳೆಯದೆ ಬಿಡುವ ಬಗೆಯ ಕಂಡೀಷನರನ್ನು ಬಟಾಣಿ ಕಾಳಿನಷ್ಟು ಹಚ್ಚಿ, ಮುಷ್ಟಿಯಲ್ಲಿ ಹಿಂಡಿ ಹಿಂಡಿ ಬಿಡಿ. ಆಮೇಲೆ ಮುಟ್ಟಬೇಡಿ. ಒಣಗಿದ ಮೇಲೆ ಬಾಚಿದರೆ ಸುರುಳಿ ಬಿಡಿಸಿಕೊಂಡು ಹತ್ತಿಯಂತೆ ಉಬ್ಬುತ್ತದೆ.

ಪ್ರಶ್ನೆ: ದಿನಾ ಜೆಲ್ ಹಚ್ಚುತ್ತೇನೆ. ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ಸಂಬಂಧ ಇದೆಯೇ?

ಉತ್ತರ: ಇರುವ ಸಾಧ್ಯತೆ ಹೆಚ್ಚು. ಕೂದಲಿಗೆ ಹಚ್ಚಿದ್ದು ಬೆವರಿನೊಂದಿಗೆ ಹಣೆಗಿಳಿದು ಚರ್ಮದ ರಂಧ್ರ ಮುಚ್ಚಿ ಮೊಡವೆ ಎಬ್ಬಿಸುವುದುಂಟು, ಅದರಲ್ಲೂ ಎಣ್ಣೆ-ಮೇಣ ಇರುವ ಪೊಮೇಡ್‌ಗಳಲ್ಲಿ. ಒಂದು ತಿಂಗಳು ನಿಲ್ಲಿಸಿ ನೋಡಿ. ರಾತ್ರಿ ಮಲಗುವ ಮುನ್ನ ಕೂದಲು ತೊಳೆಯಿರಿ, ದಿಂಬಿನ ಕವರ್ ಬದಲಿಸಿ. ಕಡಿಮೆಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಮತ್ತೆ ಶುರುಮಾಡುವುದಾದರೆ ಹೊಳಪಿಲ್ಲದ, ನೀರಿನಲ್ಲಿ ತೊಳೆದುಹೋಗುವ ಕ್ಲೇ ಅಥವಾ ಕ್ರೀಮ್ ಸಾಕು. ಒದ್ದೆಯಾಗಿ ಹೊಳೆಯುವ ಜೆಲ್ ಎಳೆ ಎಳೆಯನ್ನೂ ಅಂಟಿಸಿ ನಡುವೆ ಬುರುಡೆ ತೋರಿಸುತ್ತದೆ, ಅದು ಯಾರಿಗೂ ಒಪ್ಪದು. ಅಳತೆ ಬಟಾಣಿಗಿಂತ ಚಿಕ್ಕದು. ಅಂಗೈಗಳ ನಡುವೆ ಬಿಸಿಯಾಗುವಂತೆ ಉಜ್ಜಿ, ಕೈ ಮೇಲೆ ಬಿಳಿ ಕಾಣದಂತಾದ ಮೇಲಷ್ಟೇ ತಲೆಗೆ ಮುಟ್ಟಿಸಿ. ಮೊದಲು ನೆತ್ತಿಯ ಹಿಂಭಾಗ, ಕೈಯಲ್ಲಿ ಉಳಿದದ್ದು ಮುಂದೆ. ಎಲ್ಲರೂ ಮುಂದಿನಿಂದಲೇ ಶುರುಮಾಡುತ್ತಾರೆ, ಅದಕ್ಕೇ ಮುಂದಲೆ ಜಿಡ್ಡಾಗಿ ಕುಸಿಯುವುದು.

ಪ್ರಶ್ನೆ: ಶಾಲೆಯಲ್ಲಿ ಕೂದಲು ಚಿಕ್ಕದಿರಲೇಬೇಕು. ಚಿಕ್ಕದರಲ್ಲೇ ದೊಡ್ಡವನಂತೆ ಕಾಣುವ ಕಟ್ ಇದೆಯೇ?

ಉತ್ತರ: ಕ್ರ್ಯೂ ಕಟ್. ಮುಂದೆ 2.5 ಸೆಂ.ಮೀ., ನೆತ್ತಿಯಲ್ಲಿ 1.5, ಬದಿ ನಂಬರ್ 3, ಅಂಚು ನಂಬರ್ 2. ಸುಳಿ ಜೋರಾಗಿದ್ದರೆ ಮಾತ್ರ ನೆತ್ತಿಯನ್ನು ಇನ್ನೂ ಇಳಿಸಬೇಕಾದೀತು.

ಪ್ರಶ್ನೆ: ನನಗೆ 17. ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿದಂತಿದೆ. ಬೋಳಾಗುತ್ತಿದ್ದೇನೆಯೇ?

ಉತ್ತರ: ಈ ವಯಸ್ಸಿನಿಂದ ಮುಂದಕ್ಕೆ ಕೂದಲಿನ ಅಂಚು ಒಂದೆರಡು ಸೆಂ.ಮೀ. ಮೇಲೆ ಸರಿಯುವುದು ಬೆಳವಣಿಗೆಯ ಭಾಗವೇ. ಹುಬ್ಬೇರಿಸಿ, ಹಣೆಯಲ್ಲಿ ಮೂಡುವ ಮೇಲಿನ ಗೆರೆ ನೋಡಿ. ಅಂಚು ಅದರಿಂದ ಒಂದು ಬೆರಳಷ್ಟು ಮೇಲಿದ್ದರೆ ಗಾಬರಿ ಬೇಡ. ಅದಕ್ಕಿಂತ ಬಹಳ ಮೇಲೆ ಹೋಗಿದ್ದರೆ, ನೆತ್ತಿ ತೆಳುವಾಗುತ್ತಿದ್ದರೆ, ಅಥವಾ ನಾಣ್ಯದಗಲ ಒಂದೇ ಕಡೆ ಉದುರಿದ್ದರೆ ಚರ್ಮವೈದ್ಯರನ್ನು ಕಾಣಿ. ಮೂಲೆ ಮುಚ್ಚಲೆಂದು ಕೂದಲನ್ನು ಮುಂದಕ್ಕೆ ಬಾಚಿದರೆ ಅಲ್ಲಿಗೇ ಕಣ್ಣು ಹೋಗುತ್ತದೆ, ಪಕ್ಕಕ್ಕೆ ಬಾಚಿ.

ಪ್ರಶ್ನೆ: ಎರಡು ಕಟ್‌ಗಳ ನಡುವೆ ಮಗನ ಕತ್ತಿನ ಕೂದಲನ್ನು ಮನೆಯಲ್ಲೇ ಟ್ರಿಮ್ಮರ್‌ನಿಂದ ತೆಗೆಯುತ್ತೇನೆ. ಪ್ರತಿ ಸಲ ಗೆರೆ ಮೇಲೆ ಮೇಲೆ ಹೋಗುತ್ತದೆ. ಸೈಡ್‌ಲಾಕ್ ಕೂಡ ಒಂದು ಮೇಲೆ ಒಂದು ಕೆಳಗೆ.

ಉತ್ತರ: ಕತ್ತಿನಲ್ಲಿ ಗೆರೆ ಹಾಕಲೇಬೇಡಿ. ಗೆರೆ ಹಾಕಿದ ಮೇಲೆ ಅದನ್ನು ನೇರ ಮಾಡಲು ಹೋಗಿ ಮತ್ತೊಂದಿಷ್ಟು ತೆಗೆಯುತ್ತೀರಿ, ಮೇಲೇರುವುದು ಹಾಗೆ. ಮಗ ತಲೆಯನ್ನು ನೆಟ್ಟಗೆ ಇಟ್ಟುಕೊಳ್ಳಲಿ. ಬಗ್ಗಿಸಿದರೆ ಚರ್ಮ ಹಿಗ್ಗಿ ಅಂಚಿನ ಜಾಗವೇ ತಪ್ಪುತ್ತದೆ. ಕೂದಲು ದಟ್ಟವಾಗಿ ಶುರುವಾಗುವ ಸಹಜ ಅಂಚನ್ನು ಬೆರಳಿನಿಂದ ಮುಚ್ಚಿ ಹಿಡಿದು, ಅದರ ಕೆಳಗೆ ಚದುರಿ ಬೆಳೆದದ್ದನ್ನಷ್ಟೇ ಗಾರ್ಡ್ ಇಲ್ಲದ ಟ್ರಿಮ್ಮರ್‌ನಿಂದ ತೆಗೆಯಿರಿ. ಆಮೇಲೆ ನಂಬರ್ 1 ಗಾರ್ಡ್ ಹಾಕಿ, ಅಂಚಿನಿಂದ ಒಂದು ಬೆರಳಗಲ ಮಾತ್ರ ಮೇಲಕ್ಕೆ ಒಯ್ದು, ಒಯ್ಯುತ್ತಲೇ ಮೆಷಿನನ್ನು ತಲೆಯಿಂದ ಹೊರಕ್ಕೆ ಎತ್ತಿಬಿಡಿ, ಚಮಚದಲ್ಲಿ ತೋಡಿ ತೆಗೆದಂತೆ. ಗೆರೆ ಕಾಣದೆ ಕರಗುತ್ತದೆ. ಬ್ಲೇಡ್ ಬಿಸಿಯಾದರೆ ನಿಲ್ಲಿಸಿ, ಕತ್ತಿನ ಚರ್ಮ ಬೇಗ ಕೆಂಪಾಗುತ್ತದೆ. ಮನೆಯಲ್ಲಿ ಇಬ್ಬರು ಬಳಸುವುದಾದರೆ ಬ್ಲೇಡನ್ನು ಪ್ರತಿ ಸಲ ಬ್ರಷ್ಷಿನಲ್ಲಿ ಕೊಡವಿ ಸೋಂಕುನಿವಾರಕ ಹಚ್ಚಿ, ಹುಳುಕಡ್ಡಿ ಹರಡುವ ದಾರಿಗಳಲ್ಲಿ ಅದೂ ಒಂದು.

ಸೈಡ್‌ಲಾಕ್‌ಗೆ ಕಿವಿಯನ್ನು ಅಳತೆಗೋಲು ಮಾಡಿಕೊಂಡಿದ್ದೀರಿ. ಎರಡು ಕಿವಿ ಒಂದೇ ಮಟ್ಟದಲ್ಲಿರುವವರು ಕಡಿಮೆ. ಮಗನನ್ನು ಕನ್ನಡಿಗೆ ಎದುರಾಗಿ ಕೂರಿಸಿ, ಮೂಗಿನ ನಡುಮಟ್ಟದಲ್ಲಿ ಬಾಚಣಿಗೆಯನ್ನು ಅಡ್ಡ ಹಿಡಿಯಿರಿ, ಕಣ್ಣುಗಳ ಸಾಲಿಗೆ ಸಮಾನಾಂತರವಾಗಿರಲಿ. ಅದರ ಎರಡು ತುದಿ ತೋರಿಸುವ ಕಡೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಉದ್ದ ಕಾಣುವ ಬದಿಯನ್ನು ಮೊದಲು ಕತ್ತರಿಸಿ.